ತನ್ನ ಜಿಹ್ವೆಯ ಕಥೆಯನ್ನು ಅಚ್ಚಿಗೆ ಕೊಟ್ಟ ವೈದ್ಯ: ಡಾಕ್ಟರ್ ಜಾರ್ಜ್ ಚೇಯ್ನ್

ಆರು ಬಾಹ್ಯತಪಗಳಲ್ಲಿ ಅನಶನವನ್ನು ಎಲ್ಲರೂ ಬಲ್ಲರು. ಅದರ ಮಗ್ಗುಲಲ್ಲೇ ನಿಂತಿರುವ ಅವಮೌದರ್ಯದ ಕಡೆಗೆ ಗಮನ ಕೊಡುವವರು ಕಡಿಮೆ. ಪುರುಷನ ಸಹಜಾಹಾರ ೩೨ ಕವಳ, ಸ್ತ್ರೀಯದು ೨೮ ಕವಳ. ಅದಕ್ಕಿಂತ ಒಂದು ತುತ್ತಾದರೂ ಕಡಿಮೆ ಉಣ್ಣುವುದೇ ಈ ತಪವೆಂದು ನಮ್ಮ ಆಚಾರಗ್ರಂಥಗಳು ಹೇಳುತ್ತವೆ. ಕೇಳುವುದಕ್ಕೆ ಇದು ಸುಲಭ. ಆದರೆ ಒಂದು ದಿನ ಪೂರ್ಣ ಉಪವಾಸವಿರಬಲ್ಲವರಿಗೂ, ದಿನದಿನವೂ ಎಲೆಯ ಮುಂದೆ ಕುಳಿತು, ನಾಲಿಗೆ ಇನ್ನೂ ಬೇಡುತ್ತಿರುವಾಗಲೇ ಕೈ ತೊಳೆಯುವುದು ಕಷ್ಟವೆಂಬುದು ಗೃಹಸ್ಥರಾದವರೆಲ್ಲರ ಅನುಭವ. ಈ ಹೋರಾಟದಲ್ಲಿ ಎರಡು ಬಾರಿ ಸೋತು, ಎರಡು ಬಾರಿ ಎದ್ದು, ಆ ಸೋಲುಗಳನ್ನು ಮುಚ್ಚಿಡದೆ ತಮ್ಮ ಗ್ರಂಥದಲ್ಲಿಯೇ ಪ್ರಕಟಿಸಿದ ಪರದೇಶದ ವೈದ್ಯರೊಬ್ಬರ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗಿದೆ.

ಜಾರ್ಜ್ ಚೇಯ್ನ್ ಅವರು ೧೬೭೦ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಾಂತದಲ್ಲಿ ಜನಿಸಿದರು. ಮಗನು ಕ್ರೈಸ್ತ ಧರ್ಮಬೋಧಕನಾಗಲೆಂಬುದು ಹಿರಿಯರ ಆಶಯವಾಗಿತ್ತು. ಅವರಾದರೋ ಎಡಿನ್‌ಬರೋ ನಗರದ ಪ್ರಸಿದ್ಧ ವೈದ್ಯ ಪಿಟ್‌ಕೇರ್ನರ ಶಿಷ್ಯರಾಗಿ ವೈದ್ಯವನ್ನು ಕಲಿತು, ೧೭೦೧ರಲ್ಲಿ ಪದವಿ ಪಡೆದು ಲಂಡನ್ನಿಗೆ ಬಂದರು. ೧೭೦೨ರಲ್ಲಿ ಅಲ್ಲಿನ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ಗಣಿತದಲ್ಲಿಯೂ ಅವರಿಗೆ ಪರಿಶ್ರಮವಿತ್ತು. ಅಲ್ಲಿಯವರೆಗೆ ಅವರದು ಓದುಗಾರನ ಮಿತಜೀವನ.

ಹೊಸ ಊರಿನಲ್ಲಿ ಹೊಸ ವೈದ್ಯನಿಗೆ ರೋಗಿಗಳು ಎಲ್ಲಿಂದ ಬರಬೇಕು? ಲಂಡನ್ನಿನಲ್ಲಿ ಅಂದು ಪರಿಚಯ ಬೆಳೆಯುತ್ತಿದ್ದುದು ಪಾನಗೃಹಗಳಲ್ಲಿ. ಸಿರಿವಂತರ ಮಕ್ಕಳೊಡನೆ ಕುಳಿತು ತಿಂದು ಕುಡಿದು ನಗಿಸಬಲ್ಲವನಿಗೆ ಕೆಲಸ ಬೇಗ ಕೂಡಿಬರುತ್ತಿತ್ತು. ಚೇಯ್ನರು ಈ ದಾರಿಯನ್ನು ಹಿಡಿದರು. ಉಣ್ಣುವುದು ಅವರಿಗೆ ಮೊದಲು ಉದ್ಯೋಗದ ಉಪಾಯವಾಗಿತ್ತು. ಕ್ರಮೇಣ ಅದೇ ಒಡೆಯನಾಯಿತು. ಕೆಲವೇ ವರ್ಷಗಳಲ್ಲಿ ದೇಹ ಬೆಳೆದು ಉಸಿರು ಕಟ್ಟತೊಡಗಿತು. ೧೭೦೫ರ ಸುಮಾರಿಗೆ ತೀವ್ರವಾದ ತಲೆಸುತ್ತು ಬಂದು ಹಾಸಿಗೆ ಹಿಡಿದಾಗ, ಪಂಕ್ತಿಯಲ್ಲಿ ಕುಳಿತಿದ್ದ ಗೆಳೆಯರು ಒಬ್ಬೊಬ್ಬರಾಗಿ ಮರೆಯಾದರು. ಎಲೆ ಎತ್ತಿದ ಮೇಲೆ ಪಂಕ್ತಿ ನಿಲ್ಲುವುದುಂಟೇ!

ಅವರು ಹಳ್ಳಿಗೆ ಹೋಗಿ ಏಕಾಂತದಲ್ಲಿ ಆಹಾರವನ್ನು ತಗ್ಗಿಸಿದರು, ಧರ್ಮಗ್ರಂಥಗಳನ್ನು ಓದಿದರು, ತಾವು ನಡೆದ ದಾರಿಯನ್ನು ಪರಿಶೀಲಿಸಿದರು. ಆಗಲೇ ಕ್ರಾಯ್ಡನ್ ಎಂಬ ಊರಿನ ಟೇಲರ್ ಎಂಬ ವೈದ್ಯರ ವಿಷಯ ಕಿವಿಗೆ ಬಿದ್ದಿತು. ಟೇಲರರು ಕೇವಲ ಹಾಲಿನ ಆಹಾರದಿಂದ ತಮ್ಮ ಅಪಸ್ಮಾರವನ್ನು ಗೆದ್ದವರಂತೆ. ಚೇಯ್ನರು ನಡುಚಳಿಗಾಲದಲ್ಲಿ ಕುದುರೆಯೇರಿ ಅಲ್ಲಿಗೆ ಹೋದರು. ಟೇಲರರು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಎದುರಿಗಿದ್ದುದು ಒಂದು ಲೀಟರಿಗೆ ತುಸು ಮೇಲಾಗುವಷ್ಟು ಹಸುವಿನ ಹಾಲು, ಬೇರೇನೂ ಇಲ್ಲ. ಚೇಯ್ನರೂ ಹಾಲು, ಧಾನ್ಯ, ಹಣ್ಣುಗಳಿಗೆ ಇಳಿದರು. ದೇಹ ಹಗುರಾಯಿತು, ಬುದ್ಧಿ ತಿಳಿಯಾಯಿತು. ಸುಖಸ್ನಾನಗಳಿಗೆ ಹೆಸರಾದ ಬಾತ್ ನಗರದಲ್ಲಿ ಅವರ ವೈದ್ಯವೃತ್ತಿ ಚೆನ್ನಾಗಿ ಬೇರೂರಿತು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಸಾಮಾನ್ಯವಾದ ಉಪದೇಶಕಥೆಯಾಗುತ್ತಿತ್ತು. ಎರಡನೆಯ ಪತನ ಬಂದುದು ಕಷ್ಟದಲ್ಲಲ್ಲ, ಸೌಖ್ಯದಲ್ಲಿ. ಆರೋಗ್ಯ ಮರಳಿತಲ್ಲ, ಇನ್ನು ತುಸು ಮಾಂಸವಾದರೆ ಬಾಧಕವೇನು ಎಂದು ಮನಸ್ಸು ಮೆಲ್ಲನೆ ಕೇಳಿತು. ಬಳಿಕ ತುಸು ಮದ್ಯ. ಮತ್ತೆ ಗೋಷ್ಠಿಗಳಿಗೆ ಇಳಿದದ್ದೇನೂ ಇಲ್ಲ. ಊಟದ ಹೊತ್ತಿಗೆ ಮಾತ್ರ ಕುಡಿಯುತ್ತಿದ್ದರು, ತಾವು ಮಿತದಲ್ಲಿಯೇ ಇದ್ದೇವೆಂದು ನಂಬಿದ್ದರು. ಆ ಮಿತವೆಂಬುದು ದಿನಕ್ಕೆ ಲೀಟರಿಗೂ ಮಿಗಿಲಾದ ದ್ರಾಕ್ಷಾಮದ್ಯ! ತಮ್ಮಂಥ ದೊಡ್ಡ ಶರೀರಕ್ಕೆ ಅಷ್ಟು ಅವಶ್ಯವೆಂಬ ತರ್ಕವನ್ನು ಸ್ವತಃ ವೈದ್ಯರಾದ ಅವರೇ ಕಟ್ಟಿಕೊಂಡಿದ್ದರು. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ವ್ರತಭಂಗದ ಮೆಟ್ಟಿಲುಗಳನ್ನು ನಮ್ಮಲ್ಲಿ ಎಣಿಸುತ್ತಾರೆ. ಚೇಯ್ನರಿಗೆ ಈ ಹೆಸರುಗಳು ಬೇಕಾಗಲಿಲ್ಲ, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದೇ ನೋಡಿದರು.

ಅವರ ತೂಕ ೩೨ ಸ್ಟೋನನ್ನು, ಎಂದರೆ ೪೪೮ ಪೌಂಡನ್ನು ದಾಟಿತು. ನಮ್ಮ ಲೆಕ್ಕದಲ್ಲಿ ಅದು ೨೦೦ ಕಿಲೋಗ್ರಾಮಿಗೂ ಹೆಚ್ಚು. ಒಂದು ಮಹಡಿಯ ಮೆಟ್ಟಿಲು ಹತ್ತಿದರೆ ಮುಂದೆ ಹೋಗಲಾರರು. ನೂರು ಹೆಜ್ಜೆ ನಡೆಯಬೇಕಾದರೂ ಸೇವಕನೊಬ್ಬನು ಪೀಠವನ್ನು ಹಿಡಿದು ಹಿಂದೆ ಬರಬೇಕು. ಕಾಲುಗಳಲ್ಲಿ ಹುಣ್ಣುಗಳೆದ್ದವು. ರೋಗಿಗಳಿಗೆ ಪಥ್ಯ ಹೇಳುವ ವೈದ್ಯರನ್ನು ಬಾತ್ ನಗರದ ಬೀದಿಯಲ್ಲಿ ಜನರು ಈ ಸ್ಥಿತಿಯಲ್ಲಿ ಕಂಡರು.

ಮತ್ತೆ ಹಾಲಿನ ಆಶ್ರಯ. ಈ ಸಲ ಅದನ್ನು ಅವರು ಕೊನೆಯವರೆಗೂ ನಿಯಮವಾಗಿ ಹಿಡಿದರು. ಹಾಲು, ರೊಟ್ಟಿ, ಬೆಣ್ಣೆ, ಹಣ್ಣು, ಕಾಳು, ಸೊಪ್ಪು, ಕೋಮಲವಾದ ಗೆಡ್ಡೆಗಳು; ಒಟ್ಟಿನಲ್ಲಿ ಜೀವವಿಲ್ಲದ್ದೆಂದು ಅವರಿಗೆ ತೋರಿದ ಪದಾರ್ಥಗಳು ಮಾತ್ರ. ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸಿದರು. ಆಲೂಗೆಡ್ಡೆ, ಕ್ಯಾರೆಟ್ಟುಗಳನ್ನು ನಿರ್ಜೀವವೆಂದು ಎಣಿಸಿದುದನ್ನು ನಮ್ಮ ಮನೆಗಳಲ್ಲಿ ಯಾರೂ ಒಪ್ಪಲಾರರು. ಅನಂತಕಾಯದ ವಿಚಾರ ಅಲ್ಲಿಗೆ ತಿಳಿದದ್ದಲ್ಲ. ಮೇಲಿಂದ ಮೇಲೆ ವಮನೌಷಧ ಸೇವಿಸುವ ಅವರ ಪದ್ಧತಿಯನ್ನು ಇಂದಿನ ವೈದ್ಯರೂ ಒಪ್ಪರು. ಅದನ್ನು ಅನುಸರಿಸಬಾರದು.

೧೭೨೪ರಲ್ಲಿ ಅವರು ಆರೋಗ್ಯ ಮತ್ತು ದೀರ್ಘಾಯುಷ್ಯವನ್ನು ಕುರಿತ ಒಂದು ಗ್ರಂಥವನ್ನು ಪ್ರಕಟಿಸಿ ಬಹಳ ಹೆಸರು ಪಡೆದಿದ್ದರು. ಹೆಸರಿನ ಬೆನ್ನಿಗೇ ಕುಹಕವೂ ಬಂದಿತು. ಜನರನ್ನು ಸನ್ಯಾಸಿಗಳನ್ನಾಗಿ ಮಾಡಿ ಕಾಡಿಗೆ ಕಳಿಸಲು ಹೊರಟಿದ್ದಾರೆಂದು ಕೆಲವರು ದೂರಿದರು. ಅವರು ತಮ್ಮ ಪುಸ್ತಕವನ್ನು ತಾವೇ ನುಂಗಿ ಮತ್ತೆ ಮಾಂಸಕ್ಕೆ ಮರಳಿದ್ದಾರೆಂದು ಇನ್ನು ಕೆಲವರು ಸುದ್ದಿ ಹಬ್ಬಿಸಿದರು. ಇದಕ್ಕೆ ಮೌನವಾಗಿರಬಹುದಿತ್ತು, ವೈದ್ಯನ ಜೀವನವೆಲ್ಲ ನಿಂತಿರುವುದು ಜನರ ವಿಶ್ವಾಸದ ಮೇಲೆ. ಆದರೆ ಅವರು ೧೭೩೩ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಮ್ಯಾಲಡಿ’ ಎಂಬ ಗ್ರಂಥದಲ್ಲಿ ಇತರ ರೋಗಿಗಳ ವೃತ್ತಾಂತಗಳ ಕೊನೆಗೆ, ಗ್ರಂಥಕರ್ತನ ವೃತ್ತಾಂತವೆಂದು ತಮ್ಮದನ್ನೇ ದೀರ್ಘವಾಗಿ ಬರೆದರು. ತನ್ನನ್ನು ಕುರಿತು ತಾನೇ ಮಾತಾಡುವುದು ಅಸಭ್ಯವೆಂದು ಬಲ್ಲ ಅವರು ಅದಕ್ಕಾಗಿ ಓದುಗರ ಕ್ಷಮೆಯನ್ನೂ ಬೇಡಿದರು.

ಈ ವೃತ್ತಾಂತವನ್ನು ನಾನು ಬೆಲೆಯುಳ್ಳದ್ದೆಂದು ಎಣಿಸುವುದಕ್ಕೆ ಕಾರಣವಿದೆ. ಆಲೋಚನೆಯ ಹತ್ತು ದೋಷಗಳಲ್ಲಿ ದೃಷ್ಟವೆಂಬುದೊಂದು. ಇತರರು ಕಂಡ ತಪ್ಪನ್ನು ಮಾತ್ರ ನಿವೇದಿಸಿ, ಕಾಣದುದನ್ನು ಒಳಗೇ ಉಳಿಸಿಕೊಳ್ಳುವುದು. ಚೇಯ್ನರ ಶರೀರವನ್ನು ಊರೆಲ್ಲ ಕಂಡಿತ್ತು. ಅಷ್ಟನ್ನೇ ಹೇಳಿದ್ದರೆ ಹೆಚ್ಚೇನೂ ಅಲ್ಲ. ಯಾರಿಗೂ ಕಾಣದಿದ್ದುದು, ಮಿತವೆಂಬ ಹೆಸರಿನಲ್ಲಿ ತಮ್ಮನ್ನು ತಾವೇ ವಂಚಿಸಿಕೊಂಡ ಆ ತರ್ಕ. ಅದನ್ನೂ ಬರೆದರು. ಮನೋವ್ಯಥೆಯಿಂದ ತಮಗುಂಟಾದ ಭಯ, ದುಃಖಗಳನ್ನೂ ಬರೆದರು. ತಡೆಯಲಾಗದ ಅತಿಭೋಜನವನ್ನು ಅಮೆರಿಕದ ಮನೋವೈದ್ಯರ ಸಂಘವು ಪ್ರತ್ಯೇಕ ವ್ಯಾಧಿಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿದ್ದು ೨೦೧೩ರಲ್ಲಿ. ದೇಹದ ಭಾರಕ್ಕೂ ಮನಸ್ಸಿನ ಭಾರಕ್ಕೂ ಇರುವ ನಂಟನ್ನು ಚೇಯ್ನರು ತಮ್ಮ ಮೇಲೆಯೇ ಕಂಡು ಬರೆದು ಆಗಲೇ ೨೮೦ ವರ್ಷಗಳಾಗಿದ್ದವು.

ಅವರನ್ನು ಅಹಿಂಸಾವ್ರತಿಯೆಂದು ಕರೆಯುವ ಅವಸರ ಬೇಡ. ಮಾಂಸವನ್ನು ಬಿಟ್ಟದ್ದು ಮೊದಲು ತಮ್ಮ ಶರೀರದ ಸಲುವಾಗಿ. ಆದರೂ ೧೭೪೦ರಲ್ಲಿ ಪಥ್ಯವನ್ನು ಕುರಿತು ಬರೆದ ಪ್ರಬಂಧಗಳಲ್ಲಿ ಪ್ರಾಣಿವಧೆಯ ಕ್ರೌರ್ಯದ ಮಾತು ಬರುತ್ತದೆ. ಅಭ್ಯಾಸಬಲವೊಂದನ್ನು ಬಿಟ್ಟರೆ ಪ್ರಾಣಿಯ ಮಾಂಸಕ್ಕೂ ಮನುಷ್ಯಮಾಂಸಕ್ಕೂ ದೊಡ್ಡ ಭೇದವೇನೆಂದು ಅವರು ವಿಚಾರಿಸುತ್ತಾರೆ. ಪಥ್ಯದಿಂದ ಹೊರಟವರು ದಯೆಯ ಬಾಗಿಲಿಗೆ ಬಂದು ನಿಂತರೆಂದು ಹೇಳಬಹುದು.

ಮುಂದೆ ಮೆಥಡಿಸ್ಟ್ ಪಂಥವನ್ನು ಸ್ಥಾಪಿಸಿದ ಜಾನ್ ವೆಸ್ಲಿ ವಿದ್ಯಾರ್ಥಿದೆಶೆಯಲ್ಲಿಯೇ ೧೭೨೪ರ ಗ್ರಂಥವನ್ನು ಓದಿ ತಾಯಿಗೆ ಪತ್ರ ಬರೆದರು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಎರಡನೆಯದನ್ನು ಮಿತ್ರರಿಗೆ ಶಿಫಾರಸು ಮಾಡುತ್ತಿದ್ದರು. ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಮುದ್ರಣಾಲಯದಲ್ಲಿ ಸದಾ ಕುಳಿತೇ ಇರುವವರು, ಸ್ಥೂಲಕಾಯರು, ಚೇಯ್ನರ ರೋಗಿ. ಅವರಿಗೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಚೇಯ್ನರು ಪತ್ರದ ಮೇಲೆ ಪತ್ರ ಬರೆದರು. ತಮ್ಮ ಅನುಭವವನ್ನೇ ಮತ್ತೆ ಮತ್ತೆ ಸಾಕ್ಷಿಯಾಗಿ ಮುಂದಿಟ್ಟರು. ಮನೆಯಲ್ಲಿಯೇ ಕುಳಿತು ಕುಲುಕಾಡಿ ವ್ಯಾಯಾಮ ಪಡೆಯುವ ಕುದುರೆಯಂಥ ಆಸನವೊಂದನ್ನು ತರಿಸಿಕೊಳ್ಳಲೂ ಸೂಚಿಸಿದರು.

೧೭೪೩ರ ಏಪ್ರಿಲಿನಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಚೇಯ್ನರು ಬಾತ್ ನಗರದಲ್ಲಿ ತೀರಿಕೊಂಡರು. ಸಮೀಪದ ವೆಸ್ಟನ್ನಿನಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ರಿಚರ್ಡ್‌ಸನ್ನರಿಗೆ ಬರೆದ ಪತ್ರಗಳು ಉಳಿದುಬಂದು, ಸರಿಯಾಗಿ ಇನ್ನೂರು ವರ್ಷಗಳ ಮೇಲೆ, ೧೯೪೩ರಲ್ಲಿ ಅಚ್ಚಾದವು.