ನಗುವಿಗೆ ಕರೆಂಟ್ ಕೊಟ್ಟ ಡಾಕ್ಟರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನ ನೋಡುತ್ತ ಬೆಳೆದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು. ತುಟಿ ಎಷ್ಟೇ ನಕ್ಕರೂ ಕಣ್ಣು ನಗದಿದ್ದರೆ ಪಾತ್ರ ಮನಸ್ಸಿಗೆ ತಾಗುವುದಿಲ್ಲ. ಇದನ್ನೇ ಕರೆಂಟ್ ಮತ್ತು ಕ್ಯಾಮೆರಾ ಹಿಡಿದು ಪರೀಕ್ಷಿಸಿದವರು ಫ್ರಾನ್ಸಿನ ವೈದ್ಯ ಡುಶೆನ್. ಬಿ.ಇ. ಓದುತ್ತಿರುವ ನನಗೆ ಅವರ ಬದುಕು ಪಠ್ಯಪುಸ್ತಕಕ್ಕಿಂತ ಹೆಚ್ಚು ಹಿಡಿಸಿತು.

ಡುಶೆನ್ ಹುಟ್ಟಿದ್ದು 1806ರಲ್ಲಿ, ಬುಲೋನ್ ಎಂಬ ಬಂದರು ಪಟ್ಟಣದಲ್ಲಿ. ಮಗನೂ ಕಡಲಿಗಿಳಿಯಲಿ ಎಂಬುದು ತಂದೆಯ ಆಸೆ. ಮಗ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದಿ, ಊರಿಗೆ ಮರಳಿ ಪ್ರಾಕ್ಟೀಸ್ ಶುರುಮಾಡಿದರು. ಹೆರಿಗೆಯ ಬೆನ್ನಿಗೇ ಹೆಂಡತಿ ತೀರಿಕೊಂಡರು. ಕೂಸು ಹೆಂಡತಿಯ ತವರಿನವರ ಪಾಲಾಯಿತು.

1842ರಲ್ಲಿ ಅವರು ಮತ್ತೆ ಪ್ಯಾರಿಸ್ ಸೇರಿದರು. ಅಲ್ಲಿ ಅವರಿಗೆ ಆಸ್ಪತ್ರೆಯ ಹುದ್ದೆ ಇರಲಿಲ್ಲ, ಪ್ರೊಫೆಸರ್ ಪಟ್ಟವೂ ಇರಲಿಲ್ಲ. ಇದ್ದದ್ದು ಒಂದು ಇಂಡಕ್ಷನ್ ಕಾಯಿಲ್ ಯಂತ್ರ. ನಮ್ಮ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಅದೇ ತತ್ತ್ವದ ಮೇಲೆ. ಅದನ್ನು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿದರು. ಚರ್ಮದ ಮೇಲೆ ಒದ್ದೆ ಎಲೆಕ್ಟ್ರೋಡ್ ಇಟ್ಟು, ಯಾವ ಸ್ನಾಯು ಏನು ಮಾಡುತ್ತದೆಂದು ಒಂದೊಂದಾಗಿ ನೋಡಿದರು. ಮುಂದೆ ಹೆಸರಾಂತ ವೈದ್ಯ ಶಾರ್ಕೊ ಅವರನ್ನು ತನ್ನ ಗುರುವೆಂದೇ ಕರೆದರು.

ಮುಖದ ಸ್ನಾಯುಗಳಿಗೆ ಕರೆಂಟ್ ಕೊಟ್ಟಾಗ ಮೂಡುವ ಭಾವ ಕ್ಷಣದಲ್ಲಿ ಮಾಯವಾಗುತ್ತಿತ್ತು. ಅದನ್ನು ಹಿಡಿದಿಡಲು 1850ರ ದಶಕದಲ್ಲಿ ಅವರು ಫೋಟೊಗ್ರಫಿಗೆ ಕೈಹಾಕಿದರು. ಆಗಿನ್ನೂ ಅದು ಹೊಸ ವಿದ್ಯೆ. ಬಹಳಷ್ಟು ಫೋಟೊಗಳಲ್ಲಿ ಇರುವುದು ಹಲ್ಲುದುರಿದ ಒಬ್ಬ ಮುದುಕ. ಅವನ ಮುಖಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲವಾದ್ದರಿಂದ ಪ್ರಯೋಗ ನೋವು ಕೊಡುತ್ತಿರಲಿಲ್ಲ. 1862ರಲ್ಲಿ ಈ ಫೋಟೊಗಳು ಪುಸ್ತಕವಾದವು.

ತುಟಿಯನ್ನು ಮೇಲೆಳೆಯುವ ಕೆನ್ನೆಯ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಮಾತ್ರ ನಿಜವಾದ ಸಂತೋಷಕ್ಕೇ ಎದ್ದೇಳುತ್ತದೆ ಎಂದರು ಡುಶೆನ್. ಅದನ್ನೂ ಬೇಕೆಂದೇ ಆಡಿಸಬಲ್ಲವರು ಇದ್ದಾರೆಂದು ನಂತರದ ಸಂಶೋಧನೆ ತೋರಿಸಿತು. ಯಕ್ಷಗಾನ ಕಲಾವಿದರನ್ನು ಕಂಡ ನಮಗೆ ಇದು ಅಚ್ಚರಿಯೇನಲ್ಲ.

ಡಾರ್ವಿನ್ ಇನ್ನೂ ಎಚ್ಚರ ವಹಿಸಿದರು. ಏನೂ ಹೇಳದೆ ಆ ಫೋಟೊಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಇದು ಯಾವ ಭಾವವೆಂದು ಕೇಳಿದರು. ಕೆಲವಕ್ಕೆ ಬಹುತೇಕ ಎಲ್ಲರದೂ ಒಂದೇ ಉತ್ತರ, ಕೆಲವಕ್ಕೆ ತಲೆಗೊಂದು ಉತ್ತರ. 1872ರ ತಮ್ಮ ಪುಸ್ತಕದಲ್ಲಿ ಅವರು ಕೆಲವು ಫೋಟೊಗಳನ್ನು ಬಳಸಿಕೊಂಡರು.

ದೂರವಾಗಿದ್ದ ಮಗ ವೈದ್ಯನಾಗಿ ತಂದೆಯ ಬಳಿ ಬಂದಿದ್ದ, ಆದರೆ ತಂದೆಗಿಂತ ಮೊದಲೇ ತೀರಿಕೊಂಡ. ಡುಶೆನ್ 1875ರಲ್ಲಿ ನಿಧನರಾದರು. ಮಕ್ಕಳನ್ನು ಕಾಡುವ ಒಂದು ಸ್ನಾಯುಕ್ಷಯ ರೋಗಕ್ಕೆ ಇಂದಿಗೂ ಅವರದೇ ಹೆಸರಿದೆ.

ಹುದ್ದೆ ಸಿಗುವವರೆಗೆ ಕೆಲಸ ಶುರುವಾಗದು ಎಂದು ಕಾಯುವ ನಮ್ಮಂಥವರಿಗೆ ಅವರ ಬದುಕೇ ಉತ್ತರ. ಇನ್ನೊಂದು ವಿಷಯವೂ ಇದೆ. ಇಂದು ಮುಖ ನೋಡಿ ಭಾವ ಹೇಳುವ ಸಾಫ್ಟ್‌ವೇರ್ ಬರೆಯುವವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ಅವರು ಆ ಮುದುಕನ ಫೋಟೊವನ್ನು ಒಮ್ಮೆ ನೋಡಬೇಕು. ಮುಖದ ತುಂಬ ನಗುವಿದೆ, ಆದರೆ ಆ ನಗುವನ್ನು ತಂದದ್ದು ಕರೆಂಟ್. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ಕ್ಯಾಮೆರಾವೂ ಹೇಳಲಾರದು. ಅವನನ್ನೇ ಕೇಳಬೇಕಿತ್ತು.