ತೆರೆಯ ಹಿಂದಿನವರನ್ನು ಕಂಡ ಜೋಸೆಫ್ ವಿರ್ಶಿಂಗ್

‘ಪಾಕೀಝಾ’ ಎಂದೊಡನೆ ನಿಮಗೆ ಮೀನಾ ಕುಮಾರಿ, ಕಮಾಲ್ ಅಮ್ರೋಹಿ ನೆನಪಾಗುತ್ತಾರೆ. ಅದರ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಅವರನ್ನೂ ನೀವು ಅರಿಯಬೇಕು.

1903ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಜನಿಸಿದ ಅವರು 1925ರಲ್ಲಿ ‘ಪ್ರೇಮ್ ಸನ್ಯಾಸ್’ ಎಂಬ ಮೂಕಿ ಚಿತ್ರಕ್ಕಾಗಿ ಭಾರತಕ್ಕೆ ಬಂದರು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಮುಂಬಯಿಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದಾಗ ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು. 1936ರ ‘ಅಛೂತ್ ಕನ್ಯಾ’ ಅವರ ಕೈಚಳಕಕ್ಕೆ ಸಾಕ್ಷಿ.

ಚಲನಚಿತ್ರದ ಕೆಲಸದ ನಡುವೆಯೇ ಅವರು ಸಣ್ಣ ಲೈಕಾ ಕ್ಯಾಮರಾದಿಂದ ಸ್ಥಿರಚಿತ್ರಗಳನ್ನೂ ತೆಗೆಯುತ್ತಿದ್ದರು. ನಟನಟಿಯರಷ್ಟೇ ಅಲ್ಲ, ನಿರ್ದೇಶಕ ಫ್ರಾಂಜ್ ಆಸ್ಟೆನ್, ತಂತ್ರಜ್ಞರು, ಸೆಟ್ಟಿನ ದುಡಿಮೆ ಎಲ್ಲವೂ ಅವುಗಳಲ್ಲಿ ದಾಖಲಾದವು.

1939ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಪ್ರಜೆ ಎಂಬ ಒಂದೇ ಕಾರಣಕ್ಕೆ ಬ್ರಿಟಿಷ್ ಸರಕಾರ ಅವರನ್ನು ಬಂಧಿಸಿ ಶಿಬಿರದಲ್ಲಿಟ್ಟಿತು. ದುಡಿಯುವ ಪ್ರಾಯದ ಹಲವು ವರ್ಷಗಳು ಹೀಗೆ ಕಳೆದುಹೋದವು. ಬಿಡುಗಡೆಯಾದ ಮೇಲೂ ಅವರು ಈ ನಾಡನ್ನು ತೊರೆಯಲಿಲ್ಲ. 1949ರಲ್ಲಿ ‘ಮಹಲ್’ ಚಿತ್ರದ ನೆರಳು ಬೆಳಕನ್ನು ರೂಪಿಸಿದರು. 1967ರಲ್ಲಿ ನಿಧನರಾದಾಗ ‘ಪಾಕೀಝಾ’ ಇನ್ನೂ ಮುಗಿದಿರಲಿಲ್ಲ. ಅದು ತೆರೆಕಂಡದ್ದು 1972ರಲ್ಲಿ.

ಆ ಕಾಲದ ಅನೇಕ ಭಾರತೀಯ ಚಿತ್ರಗಳ ಪ್ರತಿಗಳು ಇಂದು ಉಳಿದಿಲ್ಲ. ವಿರ್ಶಿಂಗ್ ಅವರ ಸ್ಥಿರಚಿತ್ರಗಳನ್ನು ಮಾತ್ರ ಕುಟುಂಬದವರು ಜೋಪಾನ ಮಾಡಿದರು. 2017ರಲ್ಲಿ ಅವು ಗೋವಾದಲ್ಲಿ ಪ್ರದರ್ಶನಗೊಂಡವು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ, ಶಾಲೆಯ ಹಳೆಯ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿರುವವರ ಹೆಸರು, ವರ್ಷವನ್ನು ಹಿರಿಯರಲ್ಲಿ ಕೇಳಿ ಇಂದೇ ಹಿಂಬದಿಯಲ್ಲಿ ಬರೆದಿಡಿ. ನಾಳೆ ಹೇಳುವವರು ಇರಲಾರರು.