ಒಂಟಿ ಅಲೆಯ ಬೆನ್ನು ಹತ್ತಿದ ಜಾನ್ ಸ್ಕಾಟ್ ರಸೆಲ್

2004ರ ಡಿಸೆಂಬರ್ 26ರಂದು ಚೆನ್ನೈ ತೀರವನ್ನು ಅಪ್ಪಳಿಸಿದ ಸುನಾಮಿಯ ನಂತರ ಕಡಲತಡಿಯ ಮಹಾನಗರಗಳಲ್ಲಿ ನೆಲೆಸಿದ ನಮಗೆ ಅಲೆ ಎಂಬುದು ಕೇವಲ ಕಣ್ಣಿಗೆ ಹಬ್ಬವಾಗಿ ಉಳಿದಿಲ್ಲ. ಆ ಸುನಾಮಿಗೆ ಕಾರಣ ಭೂಕಂಪ. ಆದರೆ ಎಲ್ಲ ಹೆದ್ದೆರೆಗಳೂ ನೇರವಾಗಿ ಭೂಕಂಪದಿಂದಲೇ ಹುಟ್ಟುವುದಿಲ್ಲ. 1998ರ ಜುಲೈ 17ರಂದು ಪಪುವಾ ನ್ಯೂಗಿನಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಅಲೆಗಳಿಗೆ, ಭೂಕಂಪದ ಬೆನ್ನಿಗೇ ಕಡಲಿನ ತಳದಲ್ಲಿ ಸಂಭವಿಸಿದ ಭೂಕುಸಿತವೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಇಂತಹ ಅಲೆಗಳನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಇಂದಿನ ವಿಜ್ಞಾನಿಗಳು, ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರು ನೀರಿನ ತೊಟ್ಟಿಯಲ್ಲಿ ಮಾಡಿದ ಪ್ರಯೋಗವನ್ನು ತಮ್ಮ ಲೆಕ್ಕದ ಒರೆಗಲ್ಲಾಗಿ ಬಳಸಿಕೊಂಡಿದ್ದಾರೆ. ಅವರೇ ಜಾನ್ ಸ್ಕಾಟ್ ರಸೆಲ್.

ರಸೆಲ್ ಅವರು 1808ರ ಮೇ 9ರಂದು ಗ್ಲಾಸ್ಗೋ ಬಳಿಯ ಪಾರ್ಕ್‌ಹೆಡ್‌ನಲ್ಲಿ ಜನಿಸಿದರು. ಶಾಲಾ ಉಪಾಧ್ಯಾಯರಾಗಿದ್ದ ತಂದೆ ಮುಂದೆ ಪಾದ್ರಿಯಾದವರು. ಹದಿನೇಳರ ಹರೆಯದಲ್ಲೇ ಗ್ಲಾಸ್ಗೋ ವಿಶ್ವವಿದ್ಯಾಲಯದ ಪದವಿ ಪಡೆದ ರಸೆಲ್, ಬಳಿಕ ಎಡಿನ್‌ಬರೋ ನಗರದಲ್ಲಿ ಗಣಿತ ಮತ್ತು ವಿಜ್ಞಾನಗಳನ್ನು ಬೋಧಿಸಿ ಹೆಸರು ಗಳಿಸಿದರು.

ಆ ಕಾಲದಲ್ಲಿ ಕಾಲುವೆಯ ದೋಣಿಗಳನ್ನು ದಡದ ಮೇಲಿನ ಕುದುರೆಗಳು ಎಳೆಯುತ್ತಿದ್ದವು. ಕುದುರೆಗಳ ಬದಲು ಉಗಿಯಂತ್ರವನ್ನು ಬಳಸಬಹುದೇ ಎಂದು ಪರೀಕ್ಷಿಸುವ ಕೆಲಸ ರಸೆಲ್ ಅವರಿಗೆ ದೊರೆಯಿತು. 1834ರ ಆಗಸ್ಟಿನಲ್ಲಿ ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ ವೇಗವಾಗಿ ಬರುತ್ತಿದ್ದ ದೋಣಿಯೊಂದು ಹಠಾತ್ತನೆ ನಿಂತಿತು. ಅದರೊಡನೆ ಚಲಿಸುತ್ತಿದ್ದ ನೀರು ಮಾತ್ರ ನಿಲ್ಲಲಿಲ್ಲ. ಅದು ಮುಂಭಾಗದಲ್ಲಿ ರಾಶಿಗೂಡಿ, ಸುಮಾರು ಮೂವತ್ತು ಅಡಿ ಉದ್ದದ, ಒಂದೂವರೆ ಅಡಿಯವರೆಗೆ ಎತ್ತರದ ನುಣುಪಾದ ದಿಬ್ಬವಾಗಿ ಮುಂದೆ ಸಾಗಿತು. ರಸೆಲ್ ಕುದುರೆಯೇರಿ ಬೆನ್ನಟ್ಟಿದರು. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರವನ್ನು ಬಹುಮಟ್ಟಿಗೆ ಕಳೆದುಕೊಳ್ಳದೆ ಸಾಗಿದ ಆ ಅಲೆ ಒಂದೆರಡು ಮೈಲಿಗಳ ನಂತರ ಕಾಲುವೆಯ ತಿರುವುಗಳಲ್ಲಿ ಕಣ್ಮರೆಯಾಯಿತು.

ಇತರರು ನೋಡಿ ಮರೆಯಬಹುದಾಗಿದ್ದ ಈ ದೃಶ್ಯವನ್ನು ರಸೆಲ್ ಮರೆಯಲಿಲ್ಲ. ಮನೆಯ ಹಿತ್ತಲಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿ, ಅದರ ಒಂದು ತುದಿಯಲ್ಲಿ ಭಾರವಾದ ಪೆಟ್ಟಿಗೆಯನ್ನು ನೀರಿಗೆ ಇಳಿಬಿಟ್ಟು, ಅಂತಹ ಅಲೆಯನ್ನು ಬೇಕೆಂದಾಗ ಎಬ್ಬಿಸಿದರು. ನೀರಿನ ಆಳ ಮತ್ತು ಅಲೆಯ ಎತ್ತರಗಳ ಮೊತ್ತವೇ ವೇಗವನ್ನು ನಿರ್ಧರಿಸುತ್ತದೆ, ಆದ್ದರಿಂದ ಎತ್ತರದ ಅಲೆ ಗಿಡ್ಡ ಅಲೆಗಿಂತ ಬೇಗ ಸಾಗುತ್ತದೆ ಎಂಬ ನಿಯಮವನ್ನು ಕಂಡುಕೊಂಡರು. ಈ ಫಲಿತಾಂಶಗಳನ್ನೊಳಗೊಂಡ ಅವರ ವಿಸ್ತೃತ ವರದಿ 1844ರ ಹೊತ್ತಿಗೆ ಬ್ರಿಟಿಷ್ ವಿಜ್ಞಾನ ಸಂಘದ ಮುಂದೆ ಬಂದಿತು.

ಆದರೆ ಪಂಡಿತವರ್ಗ ಒಪ್ಪಲಿಲ್ಲ. ರಾಜ ಖಗೋಳಜ್ಞ ಏರಿ ಅವರ ಸಿದ್ಧಾಂತದ ಪ್ರಕಾರ ಅಂತಹ ಅಲೆ ಆಕಾರ ಕೆಡದೆ ಸಾಗುವಂತಿರಲಿಲ್ಲ. ಸ್ಟೋಕ್ಸ್ ಕೂಡ ಸಂದೇಹಪಟ್ಟರು. ಕಣ್ಣಾರೆ ಕಂಡದ್ದನ್ನು ಗಣಿತದಿಂದ ಸಾಧಿಸಿ ತೋರುವ ಶಕ್ತಿ ರಸೆಲ್ ಅವರಿಗಿರಲಿಲ್ಲ. 1870ರ ದಶಕದಲ್ಲಿ ಫ್ರಾನ್ಸಿನ ಬೂಸಿನೆಸ್ಕ್, ಇಂಗ್ಲೆಂಡಿನ ರೇಲಿ ಅವರು ಆ ಅಲೆಗೆ ಗಣಿತದ ಆಧಾರ ಒದಗಿಸಿದರು.

ಜೀವನೋಪಾಯಕ್ಕೆ ಹಡಗು ನಿರ್ಮಾಣವನ್ನು ಆರಿಸಿಕೊಂಡ ರಸೆಲ್, ಬ್ರೂನೆಲ್ ಅವರು ಯೋಜಿಸಿದ 692 ಅಡಿ ಉದ್ದದ ಗ್ರೇಟ್ ಈಸ್ಟರ್ನ್ ಹಡಗನ್ನು ಥೇಮ್ಸ್ ನದಿಯ ತಟದಲ್ಲಿ ಕಟ್ಟುವ ಹೊಣೆ ಹೊತ್ತರು. ಒಪ್ಪಿಕೊಂಡ ಮೊತ್ತ ಸಾಲಲಿಲ್ಲ. 1856ರಲ್ಲಿ ಅವರ ಸಂಸ್ಥೆ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ಬ್ರೂನೆಲ್ ಅವರೊಡನೆ ವೈಮನಸ್ಯ ಬೆಳೆಯಿತು. ಹಡಗು 1858ರ ಜನವರಿ 31ರಂದು ನೀರಿಗಿಳಿಯಿತು. ಮರುವರ್ಷವೇ ಬ್ರೂನೆಲ್ ತೀರಿಕೊಂಡರು. ಮುಂದೆ ಬ್ರೂನೆಲ್ ಅವರ ಚರಿತ್ರೆ ಬರೆದವರ ಕೈಯಲ್ಲಿ ರಸೆಲ್ ಖಳನಾಯಕರಾದರು. 1977ರಲ್ಲಿ ಎಮರ್ಸನ್ ಅವರು ಬರೆದ ಜೀವನಚರಿತ್ರೆ ಆ ಕಳಂಕವನ್ನು ತೊಡೆಯಲು ಯತ್ನಿಸಿತು. ಇದೇ ಹಡಗು 1870ರಲ್ಲಿ ಮುಂಬಯಿಗೆ ಬಂದು, ಇಲ್ಲಿಂದ ಏಡನ್‌ಗೆ ಸಮುದ್ರದಡಿಯ ತಂತಿಯನ್ನು ಹಾಸಿತೆಂಬುದು ಮುಂಬಯಿ ಕನ್ನಡಿಗರಿಗೆ ಆಸಕ್ತಿಯ ಸಂಗತಿ.

ರಸೆಲ್ 1882ರ ಜೂನ್ 8ರಂದು ನಿಧನರಾದರು. 1895ರಲ್ಲಿ ಕಾರ್ಟೆವೆಗ್ ಮತ್ತು ಡಿ ವ್ರೀಸ್ ಅವರು ಒಂಟಿ ಅಲೆಗೆ ಸಮೀಕರಣ ಬರೆದರು. 1965ರಲ್ಲಿ ಅದಕ್ಕೆ ಸಾಲಿಟಾನ್ ಎಂಬ ಹೊಸ ಕಲ್ಪನೆಯ ಮನ್ನಣೆ ದೊರೆಯಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1977ರಲ್ಲಿ ನಕ್ಷತ್ರಗಳ ಅಧ್ಯಯನಕ್ಕಾಗಿ ಲೂಸಿ ಅವರೂ, ಪ್ರತ್ಯೇಕವಾಗಿ ಗಿಂಗೋಲ್ಡ್ ಮತ್ತು ಮೊನಾಗನ್ ಅವರೂ ಹೊಸ ಲೆಕ್ಕದ ವಿಧಾನವೊಂದನ್ನು ರೂಪಿಸಿದರು. ದ್ರವವನ್ನು ಬಲೆಯ ಚೌಕಗಳಾಗಿ ವಿಭಜಿಸುವ ಬದಲು ಸಾವಿರಾರು ಕಣಗಳ ಸಮೂಹವೆಂದು ಭಾವಿಸುವುದು ಇದರ ತಿರುಳು. ಪ್ರತಿ ಕಣಕ್ಕೂ ತನ್ನದೇ ತೂಕ, ವೇಗಗಳಿದ್ದು, ಅದು ನೆರೆಯ ಕಣಗಳನ್ನು ಮಾತ್ರ ತಳ್ಳುತ್ತದೆ. ಅಲೆ ಮಗುಚಿ ನೀರು ಚದುರಿದರೂ ಲೆಕ್ಕ ತಪ್ಪುವುದಿಲ್ಲ. ಜಾರುವ ಮಣ್ಣನ್ನೂ ಹೆಚ್ಚು ಸಾಂದ್ರತೆಯ ಕಣಗಳಾಗಿ ಸೇರಿಸಬಹುದು. ಇಂತಹ ಲೆಕ್ಕ ನಂಬಲರ್ಹವೇ? ಅದನ್ನು ಅರಿಯಲು 2000ದಲ್ಲಿ ಮೊನಾಗನ್ ಮತ್ತು ಕಾಸ್ ಅವರು ರಸೆಲ್ ಅವರ ಬೀಳುವ ಪೆಟ್ಟಿಗೆಯನ್ನೇ ಕಣಗಳಿಂದ ಪುನರ್ನಿರ್ಮಿಸಿ, ತೊಟ್ಟಿಯ ಪ್ರಯೋಗದೊಡನೆ ಹೋಲಿಸಿದರು. ನೀರಿನೊಳಗೆ ಇಳಿಯುವ ಪೆಟ್ಟಿಗೆಯು ಕುಸಿಯುವ ಬೆಟ್ಟದ ಸರಳ ರೂಪವೇ ಅಲ್ಲವೇ?

1995ರಲ್ಲಿ ವಿಜ್ಞಾನಿಗಳು ಅದೇ ಯೂನಿಯನ್ ಕಾಲುವೆಯಲ್ಲಿ ಒಂಟಿ ಅಲೆಯನ್ನು ಮತ್ತೆ ಎಬ್ಬಿಸಿ, ಅಲ್ಲಿನ ಮೇಲ್ಗಾಲುವೆಗೆ ರಸೆಲ್ ಅವರ ಹೆಸರಿಟ್ಟರು. ಬಾಳಿನಲ್ಲಿ ನಷ್ಟವನ್ನೂ ಅಪವಾದವನ್ನೂ ಉಂಡ ಈ ಎಂಜಿನಿಯರ್, ತಾವು ಕಂಡ ಸತ್ಯವನ್ನು ಪಂಡಿತರ ಮಾತಿಗೆ ಹೆದರಿ ಕೈಬಿಡಲಿಲ್ಲ. ಕಡಲತೀರದ ಜನರ ಪ್ರಾಣರಕ್ಷಣೆಯ ವಿಜ್ಞಾನಕ್ಕೆ ಅವರ ಹಿತ್ತಲಿನ ತೊಟ್ಟಿ ಇಂದಿಗೂ ನೆರವಾಗುತ್ತಿರುವಾಗ, ಅವರನ್ನು ನಾವು ಕೃತಜ್ಞತೆಯಿಂದ ನೆನೆಯುವುದು ಉಚಿತ.